ಅಪ್ಪಯ್ಯ ಕಾದಂಬರಿಯನ್ನು ಪುರಾಣದಂತೆ ಓದಿದ ಬೇಸಿಗೆ

ಒಂದು ಕಾದಂಬರಿಯೊಳಗಿನ ಹುಡುಗಿಯ ಮೇಲೆ ನಾನು ಒಂದು ಬೇಸಿಗೆಯಿಡೀ ಹಲ್ಲು ಕಡಿದಿದ್ದೇನೆ. ಎದುರಿಗೆ ಸಿಕ್ಕಿದ್ದರೆ ಜಡೆ ಹಿಡಿದು ಎಳೆಯುತ್ತಿದ್ದೆ. ನನಗೆ ಆಗ ಹತ್ತು ತುಂಬಿ ಹನ್ನೊಂದು. ಯುದ್ಧದ ಕಾಲ, ಅಕ್ಕಿ ಸಿಗುವುದೇ ಕಷ್ಟವಾಗಿದ್ದ ವರ್ಷಗಳು. ಅವಳಿಗೂ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ಅವಳು ತನ್ನ ಪುಟಗಳೊಳಗೆ ಕೂತು ಮಾಡಿದ ತಪ್ಪಿಗೆ ಇಲ್ಲಿ ನನ್ನ ಶಾಲೆ ತಪ್ಪಿಹೋಗುವುದರಲ್ಲಿತ್ತು.

ಅದು ಹೇಗೆಂದು ತಿಳಿಯಬೇಕಾದರೆ ಅಪ್ಪಯ್ಯನಿಂದ ಶುರು ಮಾಡಬೇಕು. ಅಪ್ಪಯ್ಯ ಮನೆಮನೆಗೆ ಹೋಗಿ ಪುರಾಣ ಓದುವವರು. ಗದ್ದೆಯಿಲ್ಲ, ತೋಟವಿಲ್ಲ. ಬೇಗಾರು, ಸೀತೂರು, ಶೆಟ್ಟಿಕೊಪ್ಪದ ಕಡೆಯ ಅನುಕೂಲಸ್ಥರ ಮನೆಗಳಲ್ಲಿ ಹದಿನೈದು ದಿನವೋ ತಿಂಗಳೋ ಇದ್ದು, ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೂತು ಓದಿ ಅರ್ಥ ಹೇಳುತ್ತಿದ್ದರು. ಮುಗಿದ ದಿನ ಆ ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಒಂದು ಪಂಚೆ, ಅದೇ ನಮ್ಮ ಬೆಳೆ. ಗಂಟಲು ಬಹಳ ಚೆನ್ನಾಗಿತ್ತು. ಅಪ್ಪಯ್ಯ ಓದಿದರೆ ಅಂಗಳದಲ್ಲಿ ಸೌದೆ ಒಡೆಯುವವರೂ ಕೊಡಲಿ ಕೆಳಗಿಟ್ಟು ಕೂರುತ್ತಾರೆ ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. ಆದರೆ ಯುದ್ಧ ಬಂದ ಮೇಲೆ ದೊಡ್ಡ ಮನೆಯವರೂ ಅಕ್ಕಿ ಕೊಡುವಾಗ ಕೈ ಬಿಗಿ ಹಿಡಿದರು. ಪುರಾಣ ಕೇಳುವ ಹುಮ್ಮಸ್ಸೂ ಜನರಲ್ಲಿ ಇಳಿಯಿತು.

ಮನೆಯಲ್ಲಿ ನಾವು ಮೂವರೇ. ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ. ಹಾಗಾಗಿ ನಾನು ಕೆಮ್ಮಿದರೂ ಇಬ್ಬರೂ ಎದ್ದು ಬರುತ್ತಿದ್ದರು.

ಅಪ್ಪಯ್ಯನ ಬಳಿ ಆಸ್ತಿ ಅಂತ ಇದ್ದದ್ದು ಮರ್ಯಾದೆ ಒಂದೇ, ಅದನ್ನು ಅವರು ಜಿಪುಣ ಚಿನ್ನ ಕಾಯುವ ಹಾಗೆ ಕಾಯುತ್ತಿದ್ದರು. ಮನೆಯಲ್ಲಿ ಎಂಥ ಕಷ್ಟವಿದ್ದರೂ ಹೊರಗಿನವರಿಗೆ ಗೊತ್ತಾಗಕೂಡದು. ಅದಕ್ಕೊಂದು ಉಪಾಯ ಮಾಡಿದ್ದರು. ಯಾರ ಮನೆಗೆ ಹೋಗುವುದಿದ್ದರೂ ಹೊರಡುವ ಮೊದಲು ಕವಳ ಹಾಕಬೇಕು. ವೀಳ್ಯದೆಲೆ, ಅಡಿಕೆ, ಸುಣ್ಣ. ಊಟ ಮಾಡಿದವರು ತಾನೇ ಕವಳ ಹಾಕುವುದು? ಬಾಯಿ ಕೆಂಪಗಿದ್ದರೆ ಉಂಡು ಬಂದವರೆಂದು ಯಾರೂ ಕೇಳದೆ ಒಪ್ಪುತ್ತಾರೆ. ನಮ್ಮ ಕಡೆ ಅಕ್ಕಿಗೆ ಬರ ಬಂದರೂ ಎಲೆ-ಅಡಿಕೆಗೆ ಬರವಿಲ್ಲ. ದಾರಿ ಬದಿಯಲ್ಲಿ ಯಾರನ್ನು ಕೇಳಿದರೂ ಕೊಡುತ್ತಾರೆ, ಅದನ್ನು ಕೇಳಿದರೆ ಬೇಡಿದ ಹಾಗೂ ಆಗುವುದಿಲ್ಲ. ನನಗೂ ಒಂದು ಚೂರು ಅಗಿಯಲು ಕೊಡುತ್ತಿದ್ದರು. ‘ಊಟ ಆಯ್ತಾ ಕೂಸೇ?’ ಎಂದು ಯಾರಾದರೂ ಕೇಳಿದರೆ ‘ಆಯ್ತು’ ಎನ್ನಬೇಕು ಎಂಬುದನ್ನು ನಾನು ಅಕ್ಷರಕ್ಕಿಂತ ಮೊದಲೇ ಕಲಿತಿದ್ದೆ.

ಆ ವರ್ಷ ಮಾಘಮಾಸದಲ್ಲಿ ಅಪ್ಪಯ್ಯನಿಗೆ ಕೊಪ್ಪದ ಒಬ್ಬ ವಕೀಲರ ಮನೆಯಲ್ಲಿ ಪುರಾಣ ಓದುವುದಿತ್ತು. ನಮ್ಮ ಮನೆಯಿಂದ ಕೊಪ್ಪಕ್ಕೆ ನಡೆದರೆ ಮೂರು ಗಂಟೆಯ ದಾರಿ. ಮುಕ್ತಾಯದ ದಿನ ನನ್ನನ್ನೂ ಕರೆದುಕೊಂಡು ಹೋದರು. ವಕೀಲರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಅವರ ಹೆಂಡತಿ, ಅವರ ಮುದಿ ತಾಯಿ. ಸಕ್ಕರೆ ಕಟ್ಟಿ ತಂದಿದ್ದ ಹಳೆಯ ಪತ್ರಿಕೆಯ ತುಂಡೊಂದು ಜಗಲಿಯಲ್ಲಿ ಬಿದ್ದಿತ್ತು. ಅದನ್ನು ನಾನು ಹಿಂದೆ ಮುಂದೆ ತಿರುಗಿಸಿ ಓದುತ್ತಿದ್ದೆ. ವಕೀಲರ ಹೆಂಡತಿ ಸ್ವಲ್ಪ ಹೊತ್ತು ನೋಡಿ ಅಪ್ಪಯ್ಯನ ಹತ್ತಿರ ಹೇಳಿದರು:

‘ಭಟ್ರೇ, ಈ ಕೂಸು ಎಷ್ಟನೇ ಕ್ಲಾಸು?’

‘ನಾಲ್ಕು ಮುಗೀತು ತಾಯಿ. ನಮ್ಮೂರ ಶಾಲೆ ಅಲ್ಲಿಗೇ ಮುಗೀತದೆ.’

‘ಹಾಗಾದ್ರೆ ನನ್ನ ಹತ್ತಿರ ಬಿಡಿ. ಇಲ್ಲೇ ಮಿಡ್ಲ್ ಸ್ಕೂಲಿಗೆ ಕಳಿಸ್ತೇನೆ. ನಮಗೂ ಮನೇಲಿ ಒಂದು ಮಗು ಓಡಾಡಿದ ಹಾಗಾಗ್ತದೆ.’

ನಾನು ಓದುವುದು ಬಿಟ್ಟು ಅಪ್ಪಯ್ಯನ ಮುಖ ನೋಡಿದೆ. ಅಪ್ಪಯ್ಯ ‘ನೋಡುವ’ ಎಂದರು. ಹೊರಡುವಾಗ ಆಕೆ ಫಲತಾಂಬೂಲದ ತಟ್ಟೆಯ ಜೊತೆಗೆ ಒಂದು ದಪ್ಪ ಕಾದಂಬರಿಯನ್ನೂ ಇಟ್ಟರು. ಒಳ್ಳೆಯ ಪುಸ್ತಕ, ಓದಿ, ಶಾಲೆ ಶುರುವಾಗುವ ಮೊದಲು ಕೂಸಿನ ಜೊತೆಗೇ ವಾಪಸು ತನ್ನಿ ಎಂದರು.

ಅಪ್ಪಯ್ಯ ಅಲ್ಲಿಯವರೆಗೆ ಕಾದಂಬರಿ ಎಂಬುದನ್ನು ಮುಟ್ಟಿದವರಲ್ಲ. ಓದುವುದೆಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ಕ್ರಮ. ಮರುದಿನ ಮಧ್ಯಾಹ್ನ ಕೈಕಾಲು ತೊಳೆದು, ವಿಭೂತಿ ಇಟ್ಟು, ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು ನಮಸ್ಕರಿಸಿ, ಗಣಪತಿಯ ಶ್ಲೋಕ ಹೇಳಿ ಮೊದಲನೆಯ ಪುಟ ತೆರೆದರು. ನಾವಿಬ್ಬರು ಎದುರಿಗೆ. ಒಂದೊಂದು ವಾಕ್ಯವನ್ನೂ ರಾಗವಾಗಿ ಓದಿ, ನಿಲ್ಲಿಸಿ, ಅರ್ಥ ಹೇಳುವುದು. ಯಾರೋ ಕೊಡೆ ಮಡಚಿ ಒಳಗೆ ಬಂದ ಎಂದಿದ್ದರೆ ಅದನ್ನೂ ಮೋಹನ ರಾಗದಲ್ಲಿ ಎಳೆದು, ‘ಎಂದರೆ, ಹೊರಗೆ ಮಳೆ ಇತ್ತು ಎಂಬುದು ತಾತ್ಪರ್ಯ’ ಎನ್ನುತ್ತಿದ್ದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ನಾನು ನಕ್ಕರೆ ಮಾತ್ರ ಅವಳೇ ತೊಡೆ ಚಿವುಟುತ್ತಿದ್ದಳು.

ಕಥೆ ಒಂದು ಬಡ ಸಂಸಾರದ್ದು. ಅಪ್ಪ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುತ್ತಾನೆ. ಅಮ್ಮ ದಿನವಿಡೀ ಕಣ್ಣೀರು ಹಾಕುತ್ತಾಳೆ. ಮಗ ಮೊದಲು ಸುಳ್ಳು, ಆಮೇಲೆ ಕಳ್ಳತನ ಕಲಿಯುತ್ತಾನೆ. ಬಡತನ ಒಂದು ಹುಳದ ಹಾಗೆ ಒಬ್ಬೊಬ್ಬರನ್ನೇ ಒಳಗಿನಿಂದ ತಿನ್ನುವುದನ್ನು ಬರೆದವರು ಚೆನ್ನಾಗಿಯೇ ಬರೆದಿದ್ದರು. ಆಮೇಲೆ ಅದೇ ಕಾದಂಬರಿಯನ್ನು ನಾನು ದೊಡ್ಡವಳಾಗಿ ಎರಡು ಸಲ ಓದಿದ್ದೇನೆ, ಈಗಲೂ ಹಾಗೇ ಅನ್ನಿಸುತ್ತದೆ.

ಅಪ್ಪಯ್ಯನಿಗೆ ಆ ಅಪ್ಪನ ಮೇಲೆ ಕೋಪ. ‘ಕೈಲಾಗದವ ಬಾಯಿ ದೊಡ್ಡ ಮಾಡ್ತಾನೆ ನೋಡು’ ಎಂದು ಪುರಾಣದ ರಾಕ್ಷಸನನ್ನು ಬಯ್ಯುವ ಹಾಗೆ ಬಯ್ಯುತ್ತಿದ್ದರು. ಅಮ್ಮನ ತಕರಾರು ಬೇರೆ. ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಮೂರನೆಯ ದಿನವೇ ಹೇಳಿದಳು:

‘ಇದನ್ನ ಬರೆದವರು ಬಡತನವನ್ನ ಕಿಟಕಿಯಿಂದ ನೋಡಿದ್ದಾರೆ ಬಿಡಿ. ಆ ಹೆಂಗಸು ಎಷ್ಟು ಸಲ ಅಳ್ತಾಳೆ! ಅಳ್ತಾ ಕೂರಕ್ಕೆ ಅವಳಿಗೆ ಪುರಸೊತ್ತು ಎಲ್ಲಿಂದ ಬಂತು? ಒಲೆಗೆ ಸೌದೆ ತಂದವರು ಯಾರು? ಮತ್ತೆ ಆ ಮನೇಲಿ ಒಬ್ಬರಾದರೂ ಒಂದು ಸಲ ನಗಬಾರದಾ ಮಾರಾಯ್ರೇ?’

ಅಪ್ಪಯ್ಯ ಕನ್ನಡಕದ ಮೇಲಿಂದ ನೋಡಿ, ನಡೆದದ್ದನ್ನು ನಡೆದ ಹಾಗೆ ಬರೆದಿದ್ದಾರೆ, ಅವರಿಗೆ ನಗು ಬರಲಿಲ್ಲ, ಎಂತ ಮಾಡುವುದು ಎಂದರು. ಅಪ್ಪಯ್ಯನ ಪ್ರಕಾರ ಅದೆಲ್ಲ ನಡೆದದ್ದೇ. ಅಚ್ಚಾದ ಪುಸ್ತಕದಲ್ಲಿ ಇದೆ ಎಂದ ಮೇಲೆ ಎಲ್ಲೋ ಯಾರಿಗೋ ಆಗಿರಲೇಬೇಕು. ಆ ಸಂಸಾರ ಮೈಸೂರಿನ ಆಸುಪಾಸಿನದು ಎಂದೂ ಅವರು ತೀರ್ಮಾನಿಸಿದ್ದರು.

ಅರ್ಧ ಪುಸ್ತಕ ಕಳೆಯುವಾಗ ಬಂದಳು ನೋಡಿ ಆ ಹುಡುಗಿ. ಆ ಮನೆಯ ಮಗಳು. ದೂರದ ಪೇಟೆಯ ಸಿರಿವಂತರು, ನಾವು ಸಾಕುತ್ತೇವೆ, ಓದಿಸುತ್ತೇವೆ ಎಂದು ಕರೆದುಕೊಂಡು ಹೋಗುತ್ತಾರೆ. ಹೋದವಳು ಒಳ್ಳೆಯ ಲಂಗ ಉಡುತ್ತಾಳೆ, ಇಂಗ್ಲಿಷ್ ಕಲಿಯುತ್ತಾಳೆ. ಮೂರು ವರ್ಷದ ಮೇಲೆ ಅವಳ ಅಮ್ಮ ಹರಕು ಸೀರೆಯಲ್ಲಿ ನೋಡಲು ಬಂದು ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಾಳೆ. ಗೆಳತಿಯರು ‘ಯಾರೇ ಅದು?’ ಎಂದು ಕೇಳಿದರೆ ಆ ಹುಡುಗಿ, ‘ಯಾರೋ ಕೆಲಸ ಕೇಳಲು ಬಂದವಳು’ ಎನ್ನುತ್ತಾಳೆ.

ಅಪ್ಪಯ್ಯನ ರಾಗ ಅಲ್ಲೇ ನಿಂತಿತು. ಅರ್ಥ ಹೇಳಲಿಲ್ಲ. ಪುಸ್ತಕ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಗೋಡೆಯ ಮಾಡಿನಲ್ಲಿ ಇಟ್ಟುಬಿಟ್ಟರು. ‘ಕೂಸನ್ನು ಕೊಪ್ಪಕ್ಕೆ ಕಳಿಸೋದು ಬೇಡ’ ಎಂದರು.

ನಾನು ಅತ್ತೆ, ಉಣ್ಣದೆ ಕೂತೆ, ನೆಲಕ್ಕೆ ಬಿದ್ದು ಹೊರಳಿದೆ. ನಮ್ಮ ಮನೆಯಲ್ಲಿ ಉಣ್ಣದೆ ಕೂರುವುದರಿಂದ ಯಾರಿಗೂ ನಷ್ಟವಿರಲಿಲ್ಲ, ಆ ಅಸ್ತ್ರ ನಡೆಯಲಿಲ್ಲ. ಅಪ್ಪಯ್ಯ ಇಲ್ಲದಾಗ ಮಾಡಿನಿಂದ ಪುಸ್ತಕ ತೆಗೆದು ಉಳಿದರ್ಧವನ್ನು ಕದ್ದು ಓದಿದೆ. ಮುಂದಾದರೂ ಆ ಹುಡುಗಿ ಓಡಿಹೋಗಿ ಅಮ್ಮನ ಕಾಲು ಹಿಡಿಯುತ್ತಾಳೆ, ಅದನ್ನು ಅಪ್ಪಯ್ಯನಿಗೆ ತೋರಿಸಬಹುದು ಎಂದು ಆಸೆ. ಹಿಡಿಯಲಿಲ್ಲ, ಹಾಳಾದವಳು. ಅಮ್ಮ ಸತ್ತ ಮೇಲೆ ಅತ್ತಳು. ನನಗೆ ಅನುಕೂಲವಾಗುವ ಒಂದು ಸಾಲೂ ಆ ಪುಸ್ತಕದಲ್ಲಿ ಇರಲಿಲ್ಲ.

ನನ್ನ ಅಮ್ಮ ಮಾತ್ರ ಸೋಲಲಿಲ್ಲ. ‘ಆ ಹೆಂಗಸು ಹಿತ್ತಿಲ ಬಾಗಿಲಿಗೆ ಎಂತಕ್ಕೆ ಹೋಗಬೇಕಿತ್ತು?’ ಎಂದು ಅಪ್ಪಯ್ಯನನ್ನು ಕೇಳಿದಳು. ‘ಹೆತ್ತವಳು ಮುಂಬಾಗಿಲಿಂದ ಹೋಗಬೇಕಪ್ಪ. ಹೋಗಿ, ನಾನು ಇವಳ ಅಮ್ಮ ಅಂತ ಗಟ್ಟಿಯಾಗಿ ಹೇಳಬೇಕು. ತಾನೇ ಅಡಗಿ ನಿಂತರೆ ಮಗಳು ಮತ್ತೆಂತ ಕಲೀತಾಳೆ?’ ಅಪ್ಪಯ್ಯ ಎದ್ದು ಅಂಗಳಕ್ಕೆ ಇಳಿದರು. ಬೇಡ ಎಂದದ್ದು ಬೇಡವಾಗಿಯೇ ಉಳಿಯಿತು.

ವೈಶಾಖ ಬಂತು. ಶಾಲೆ ಶುರುವಾಗಲು ಹತ್ತು ದಿನವಿರುವಾಗ, ಪುಸ್ತಕ ವಾಪಸು ಕೊಟ್ಟು ಕೂಸನ್ನು ಕಳಿಸುವುದಿಲ್ಲ ಎಂದು ಮುಖತಃ ಹೇಳಿ ಬರುತ್ತೇನೆ ಎಂದು ಅಪ್ಪಯ್ಯ ಹೊರಟರು. ಮನೆ ನೋಡದೆ ಬೇಡ ಎನ್ನುವುದು ನ್ಯಾಯವಲ್ಲ, ನಾವೂ ಬರುತ್ತೇವೆ ಎಂದು ಅಮ್ಮ ಹಟ ಹಿಡಿದಳು. ಅವಳ ಕೈಯಲ್ಲೊಂದು ಗಂಟಿತ್ತು. ‘ಎಂತದು?’ ಎಂದು ಅಪ್ಪಯ್ಯ ಕೇಳಿದ್ದಕ್ಕೆ, ‘ಹಲಸಿನ ಹಪ್ಪಳ, ಆ ಅಮ್ಮನಿಗೆ’ ಎಂದಳು. ಹಪ್ಪಳದ ಕೆಳಗೆ ನನ್ನ ಎರಡು ಒಗೆದ ಲಂಗಗಳಿದ್ದವು. ಅವಳು ಮಡಚಿ ಇಡುವಾಗ ನಾನು ನೋಡಿದ್ದೆ. ಅವಳು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ್ದರಿಂದ ಸುಮ್ಮನಿದ್ದೆ.

ಆ ಹೊತ್ತಿಗೆ ಮನೆಯಲ್ಲಿ ಅಕ್ಕಿ ಮುಗಿದು ಮೂರು ದಿನವಾಗಿತ್ತು. ಹಲಸಿನ ಕಾಲವಾದ್ದರಿಂದ ಹೊಟ್ಟೆ ಪೂರ್ತಿ ಖಾಲಿ ಇರಲಿಲ್ಲ. ಗುಜ್ಜೆ, ಎಂದರೆ ಎಳೆ ಹಲಸು, ಬೇಯಿಸಿ ಉಪ್ಪು-ಮೆಣಸು ಹಾಕಿ ತಿನ್ನುವುದು, ಬೀಜ ಸುಟ್ಟು ತಿನ್ನುವುದು. ಆದರೆ ಅನ್ನ ಇಲ್ಲದ್ದು ಊಟವಲ್ಲ, ನಮ್ಮ ಕಡೆ ಯಾರನ್ನಾದರೂ ಕೇಳಿ. ಆ ದಿನ ಬೆಳಿಗ್ಗೆ ಅದೂ ಇಲ್ಲ, ಬರೀ ನೀರು. ಹೊರಡುವಾಗ ಅಪ್ಪಯ್ಯ ಕ್ರಮ ತಪ್ಪದೆ ಕವಳ ಕಟ್ಟಿದರು. ನನಗೊಂದು, ಅಮ್ಮನಿಗೊಂದು, ತಮಗೆರಡು. ಕೊಪ್ಪ ಹತ್ತಿರವಾಗುತ್ತಿದ್ದಂತೆ ಇನ್ನೊಂದು ಸುತ್ತು.

ಇಲ್ಲೇ ಎಡವಟ್ಟಾದದ್ದು. ಪ್ರತಿ ಯುಗಾದಿಗೆ ಶೆಟ್ಟಿಕೊಪ್ಪದ ಒಂದು ಮನೆಯವರು ಅಪ್ಪಯ್ಯನಿಗೆ ಹೊಸ ಪಂಚಾಂಗ ಕೊಡುತ್ತಿದ್ದರು. ಆ ವರ್ಷ ಅವರ ಮನೆಯಲ್ಲಿ ಸೂತಕವಿದ್ದು ಪಂಚಾಂಗ ಬರಲಿಲ್ಲ. ಇನ್ನೊಬ್ಬರನ್ನು ಕೇಳಲು ಅಪ್ಪಯ್ಯನ ನಾಲಿಗೆ ಏಳಲಿಲ್ಲ. ಬೆರಳ ಗೆಣ್ಣಿನ ಮೇಲೆ ತಿಥಿ ಎಣಿಸಿ ದಿನ ತಳ್ಳುತ್ತಿದ್ದರು. ನಡುವೆ ಎಲ್ಲೋ ಒಂದು ತಿಥಿ ಲೋಪವಾಗಿತ್ತು, ಎಣಿಕೆ ಒಂದು ದಿನ ಹಿಂದೆ ಬಿತ್ತು. ತಿಂಗಳಿಗೆ ನಾಲ್ಕೈದು ಉಪವಾಸ ತಾನಾಗಿಯೇ ನಡೆಯುವ ಮನೆಯಲ್ಲಿ ನಿಜವಾದ ಏಕಾದಶಿ ಬಂದರೆ ಹೊಟ್ಟೆಗೆ ಗುರುತು ಸಿಗುವುದೂ ಇಲ್ಲ.

ವಕೀಲರ ಮನೆ ತಲುಪಿದಾಗ ಹನ್ನೆರಡು ದಾಟಿತ್ತು. ಅಮ್ಮ ಹೇಳಿದ ಮಾತಿನಂತೆ ಮುಂಬಾಗಿಲಿನಿಂದಲೇ ಒಳಗೆ ಹೋದಳು. ವಕೀಲರು ಕೋರ್ಟಿಗೆ ಹೋಗಿದ್ದರು. ಅವರ ಹೆಂಡತಿ ಚಾಪೆ ಹಾಸಿದರು, ಮುದುಕಿ ಗೋಡೆಗೊರಗಿ ಜಪಮಣಿ ಎಣಿಸುತ್ತಾ ಕೂತಿದ್ದರು. ಮಾತಿನ ಮೊದಲಿಗೇ ಎಂದಿನ ಪ್ರಶ್ನೆ ಬಂತು.

‘ಊಟ...’ ಎಂದು ವಕೀಲರ ಹೆಂಡತಿ ಶುರು ಮಾಡುವಷ್ಟರಲ್ಲೇ ಅಪ್ಪಯ್ಯ, ‘ಆಯ್ತು ತಾಯಿ. ಹೊಟ್ಟೆ ತುಂಬಾ ಉಂಡೇ ಹೊರಟದ್ದು’ ಎಂದು ಕೆಂಪು ಬಾಯಿ ಅಗಲಿಸಿ ನಕ್ಕರು.

ಮುದುಕಿಯ ಜಪಮಣಿ ನಿಂತಿತು.

‘ಉಂಡದ್ದಾ? ಇವತ್ತು ಏಕಾದಶಿ ಅಲ್ಲವೇನೋ ಭಟ್ಟ!’

ಆ ಕ್ಷಣದ ಅಪ್ಪಯ್ಯನ ಮುಖ ನನಗೆ ಮರೆಯಲಾಗಿಲ್ಲ. ಮಾಘದಲ್ಲಿ ಅದೇ ಜಗಲಿಯಲ್ಲಿ ಕೂತು ಏಕಾದಶಿಯ ಮಹಿಮೆಯನ್ನು ಎರಡು ಮಧ್ಯಾಹ್ನ ರಾಗವಾಗಿ ಹೇಳಿದ್ದವರು ಅವರೇ. ಏಕಾದಶಿಯ ದಿನ ಉಂಡು ಕವಳ ಹಾಕಿದ ಪುರಾಣಿಕನನ್ನು ಇನ್ನು ಮೇಲೆ ಯಾರು ಕರೆಯುತ್ತಾರೆ? ಮಾತು ಸೀತೂರಿಗೆ ಹೋಗಲು ಒಂದು ಸಂತೆಯ ದಿನ ಸಾಕು. ಅನ್ನದ ದಾರಿಯೇ ಮುಚ್ಚುತ್ತದೆ. ಉಂಡಿಲ್ಲ ಎಂದು ಒಂದು ಮಾತು ಹೇಳಿದ್ದರೆ ಪಾರಾಗುತ್ತಿದ್ದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ.

‘ಮರೆವು ಅಮ್ಮ,’ ಎಂದರು ಕೊನೆಗೆ, ನೆಲ ನೋಡುತ್ತಾ. ‘ಉಂಡುಬಿಟ್ಟೆ. ತಪ್ಪಾಯ್ತು.’

ಪಾಪಿ ಅನ್ನಿಸಿಕೊಂಡರೂ ಆದೀತು, ಹಸಿದವ ಅನ್ನಿಸಿಕೊಳ್ಳಲಾರೆ! ಕಾದಂಬರಿಯ ಆ ಮನೆಯಲ್ಲಿ ಬಡತನ ಒಬ್ಬನನ್ನು ಮುಂಗೋಪಿ ಮಾಡಿತು, ಒಬ್ಬನನ್ನು ಕಳ್ಳ ಮಾಡಿತು. ನಮ್ಮ ಮನೆಯಲ್ಲಿ ಒಬ್ಬ ಸತ್ಯವಂತನಿಗೆ ಈ ಒಂದು ಸುಳ್ಳನ್ನು ಕಲಿಸಿ, ಅದನ್ನೇ ಹಿಡಿದುಕೊಂಡು ಮುಳುಗು ಎಂದು ಬಿಟ್ಟಿತ್ತು. ನನಗೆ ಅಳು ಬಂತು.

ಆಗ ಅಮ್ಮ ಬಾಯಿ ಬಿಟ್ಟಳು. ನಾಲ್ಕು ಜನರ ಎದುರು ಅವಳು ಗಂಡನ ಮಾತು ಮುರಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

‘ಸುಳ್ಳು ಅಮ್ಮ. ಇವರು ಉಂಡಿಲ್ಲ. ನಮ್ಮನೇಲಿ ಅನ್ನ ಮಾಡಿ ಮೂರು ದಿನ ಆಯ್ತು. ನೀವು ಇವತ್ತು ಒಂದು ದಿನ ಮಾಡ್ತಿದೀರಿ, ನಮ್ಮದು ಮೂರು ದಿನದ ಏಕಾದಶಿ. ಕವಳ ಹಾಕಿದ್ದು ಒಂದು ತಪ್ಪು, ಅದೂ ನಿಮಗೆ ಗೊತ್ತಾಗಬಾರದು ಅಂತ ಹಾಕಿದ್ದು.’

ಅಪ್ಪಯ್ಯ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು, ಒರೆಸುತ್ತಲೇ ಇದ್ದರು. ವಕೀಲರ ಹೆಂಡತಿ ಏನೋ ಹೇಳಲು ಹೊರಟರೆ ಮುದುಕಿ ಕೈ ಎತ್ತಿ ತಡೆದರು. ಗೋಡೆ ಹಿಡಿದು ಎದ್ದು, ‘ಭಟ್ರೇ, ಹೋಗಿ ಬಾಯಿ ಮುಕ್ಕಳಿಸಿ ಬನ್ನಿ. ದೇವರು ಅಷ್ಟು ಸಣ್ಣವನಲ್ಲ’ ಎಂದರು. ಮೊದಲು ‘ಭಟ್ಟ’ ಎಂದವರು ಈಗ ‘ಭಟ್ರೇ’ ಎಂದದ್ದನ್ನು ನಾನು ಗಮನಿಸಿದೆ. ಆಮೇಲೆ ಸೊಸೆಯ ಕಡೆ ತಿರುಗಿ, ‘ಕೂಸಿಗೆ ಎಂತದು ಏಕಾದಶಿ? ಒಲೆ ಹಚ್ಚು’ ಎಂದರು.

ಅಪ್ಪಯ್ಯನಿಗೂ ಅಮ್ಮನಿಗೂ ಹಾಲು, ಅವಲಕ್ಕಿ, ಬಾಳೆಹಣ್ಣು ಬಂತು. ಮೂರು ದಿನದಿಂದ ಅನ್ನ ಕಾಣದ ಅಪ್ಪಯ್ಯ, ನನಗಾಗಿ ಅನ್ನ ಬೇಯುವ ವಾಸನೆ ಬರುತ್ತಿದ್ದರೂ, ಏಕಾದಶಿ ಬಿಡಲಿಲ್ಲ. ಅವಲಕ್ಕಿಯನ್ನು ನಿಧಾನವಾಗಿ, ಅವಸರವೇ ಇಲ್ಲದವರ ಹಾಗೆ ತಿಂದರು.

ತಿಂದಾದ ಮೇಲೆ ಪುಸ್ತಕದ ಬಟ್ಟೆ ಬಿಚ್ಚಿ ವಕೀಲರ ಹೆಂಡತಿಯ ಮುಂದಿಟ್ಟರು. ‘ನಾನು ಬಂದದ್ದು ಕೂಸನ್ನು ಕಳಿಸಲ್ಲ ಅಂತ ಹೇಳಲಿಕ್ಕೆ ತಾಯಿ. ಇದರಲ್ಲಿ ಆ ಹುಡುಗಿ ಹೆತ್ತ ತಾಯಿಯನ್ನು ಯಾರೋ ಅಂದಳಲ್ಲ. ಅದನ್ನು ಓದಿದ ಮೇಲೆ ನನಗೆ ಧೈರ್ಯ ಬರಲಿಲ್ಲ.’

‘ಅಯ್ಯೋ ಭಟ್ರೇ, ಅದು ಕಟ್ಟಿದ ಕಥೆ! ಆ ಹುಡುಗಿ ಎಲ್ಲೂ ಇಲ್ಲ.’

‘ಇಲ್ಲವಾ?’ ಅಪ್ಪಯ್ಯ ಪುಸ್ತಕದ ಕಡೆ ನೋಡಿದರು. ‘ಹಾಗಾದ್ರೆ ಅವಳ ಅಮ್ಮ?’

‘ಅವಳೂ ಇಲ್ಲ.’

‘ಸದ್ಯ,’ ಎಂದು ಅಪ್ಪಯ್ಯ ಉಸಿರು ಬಿಟ್ಟರು. ಎರಡು ತಿಂಗಳಿಂದ ಅವರು ಆ ಹೆಂಗಸಿನ ದುಃಖವನ್ನು ಹೊತ್ತುಕೊಂಡು ತಿರುಗುತ್ತಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು. ಎಷ್ಟು ಒಳ್ಳೆಯವರಿದ್ದರು ಅಪ್ಪಯ್ಯ.

‘ಇದ್ದಾಳೋ ಇಲ್ಲವೋ, ನನಗದು ಬೇಡ,’ ಎಂದಳು ಅಮ್ಮ. ‘ಕೂಸನ್ನ ಕೇಳಿ.’

ಅಪ್ಪಯ್ಯ ನನ್ನ ಕಡೆ ತಿರುಗಿದರು. ‘ಇಲ್ಲಿ ಇರ್ತೀಯನೇ?’

‘ಇರ್ತೇನೆ’ ಎಂದೆ. ಒಂದು ಉಸಿರಿನಷ್ಟೂ ತಡ ಮಾಡಲಿಲ್ಲ. ಅಮ್ಮ ತಲೆ ತಗ್ಗಿಸಿ ಗಂಟು ಬಿಚ್ಚಿ, ಹಪ್ಪಳ ಒಂದು ಕಡೆಗೆ, ನನ್ನ ಲಂಗಗಳನ್ನು ಒಂದು ಕಡೆಗೆ ಇಟ್ಟಳು. ಅಷ್ಟು ಬೇಗ ಹೇಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಬೆಳಕಿರುವಾಗಲೇ ಊರು ಸೇರಬೇಕೆಂದು ಅವರಿಬ್ಬರೂ ಎದ್ದರು. ನನಗೆ ಒಳಗೆ ಎಲೆ ಹಾಕಿ ಅನ್ನ, ಸಾರು ಬಡಿಸಿದ್ದರು. ಅಮ್ಮ ನನ್ನ ತಲೆ ಸವರಿ, ಹಿಂದೆ ನೋಡದೆ ಹೊರಗೆ ಹೋದಳು. ಅಪ್ಪಯ್ಯ ಮಾತ್ರ ಅಡುಗೆಮನೆಯ ಹೊಸ್ತಿಲ ಈಚೆಗೆ ಬಂದು ಕುಕ್ಕರುಗಾಲಲ್ಲಿ ಕೂತರು. ಮುಕ್ಕಳಿಸಿ ಬಂದಿದ್ದರೂ ತುಟಿಯ ಕೆಂಪು ಪೂರ್ತಿ ಹೋಗಿರಲಿಲ್ಲ. ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

‘ಕೂಸೇ, ನಾನು ಹೇಳಿಕೊಟ್ಟದ್ದನ್ನ ಇಲ್ಲಿ ಮರೆತುಬಿಡು. ಹಸಿವಾದರೆ ಹಸಿವು ಅಂತ ಹೇಳು. ಸಾಲದಿದ್ರೆ ಕೇಳು. ನನ್ನ ಕೈಲಿ ಆಗಲಿಲ್ಲ. ನೀನು ಕೇಳು.’

ಅವರ ಹೆಜ್ಜೆಯ ಸದ್ದು ಅಂಗಳ ದಾಟಿ ರಸ್ತೆಗೆ ಇಳಿಯುವವರೆಗೂ ನಾನು ಅನ್ನದಲ್ಲಿ ಕೈ ಇಟ್ಟು ಕೂತಿದ್ದೆ. ಆಮೇಲೆ ಉಂಡೆ. ಎಲೆ ಖಾಲಿಯಾಯಿತು, ಹಸಿವು ಇನ್ನೂ ಇತ್ತು. ಬಾಗಿಲಲ್ಲಿ ಕೂತಿದ್ದ ಮುದುಕಿ, ‘ಸಾಕಾಯ್ತನೇ?’ ಎಂದರು. ‘ಆಯ್ತು’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.

‘ಇಲ್ಲ ಅಜ್ಜಿ,’ ಎಂದೆ. ‘ಇನ್ನೊಂಚೂರು ಅನ್ನ ಹಾಕಿ.’